ನಾಲ್ಕು ಮಹಡಿಯ ಖುಷಿ

ನನ್ನ ಗಂಡ ಸತ್ತಿದ್ದು ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ, ಐದನೇ ಮಹಡಿಯಲ್ಲಿ, ಬೆಳಗಿನ ಹೊತ್ತು. ಅವರನ್ನು ಕೆಳಗೆ ಇಳಿಸುವಾಗ ಮುಂಬಾಗಿಲ ಲಿಫ್ಟಿನಲ್ಲೇ ಇಳಿಸಬೇಕು ಎಂದು ನಾನು ಹಟ ಹಿಡಿದೆ. ಆಸ್ಪತ್ರೆಯವರು ಅದಕ್ಕೆ ಬಿಡುವುದಿಲ್ಲ. ಸತ್ತವರಿಗೆ ಹಿಂಬದಿಯ ಲಿಫ್ಟು. ಕೊಳೆ ಬಟ್ಟೆಯ ಮೂಟೆ, ಕಸದ ಡಬ್ಬ, ಖಾಲಿ ಸಿಲಿಂಡರು, ಹೆಣ, ಎಲ್ಲವೂ ಅದರಲ್ಲೇ. ಮುಂಬಾಗಿಲ ಲಿಫ್ಟು ಬದುಕಿರುವವರಿಗೆ. ಆ ಲಿಫ್ಟನ್ನು ನನ್ನ ಗಂಡ ತಲೆ ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವವರೆಗೆ ನಡೆಸಿದರು. ಆ ಬೆಳಿಗ್ಗೆ ನನಗೆ ಬೇಕಾಗಿದ್ದು ಅದೊಂದೇ, ಅದರಲ್ಲಿ ಅವರ ಜೊತೆ ಒಂದು ಸಲ ಇಳಿಯುವುದು. ಯಾಕೆ ಎಂದು ಹೇಳಬೇಕಾದರೆ ಮೊದಲಿನಿಂದ ಬರೆಯಬೇಕು.

ಅವರು ಎತ್ತರದ ಆಳಲ್ಲ. ಕತ್ತು ಮಾತ್ರ ಉದ್ದ. ಬಲಗೈಯ ಅಂಗೈಯಲ್ಲಿ ಅಡ್ಡಕ್ಕೆ ಒಂದು ಗಟ್ಟಿ ಗೆರೆ ಇತ್ತು, ಲಿಫ್ಟಿನ ಹಿಡಿ ಹಿಡಿದು ಹಿಡಿದು ಬಂದದ್ದು. ಆಗಿನ ಲಿಫ್ಟಿಗೆ ಗುಂಡಿಗಳಿರಲಿಲ್ಲ. ಎಳೆದು ಮುಚ್ಚುವ ಜಾಲರಿ ಬಾಗಿಲು, ಹಿತ್ತಾಳೆಯ ಒಂದು ಹಿಡಿ, ಒಂದು ಮೂರುಗಾಲಿನ ಸ್ಟೂಲು, ಇಷ್ಟೇ. ಹಿಡಿಯನ್ನು ಈ ಕಡೆ ತಿರುಗಿಸಿದರೆ ಮೇಲೆ, ಆ ಕಡೆ ತಿರುಗಿಸಿದರೆ ಕೆಳಗೆ. ನೆಲಕ್ಕೆ ಸರಿಯಾಗಿ ನಿಲ್ಲಿಸುವುದು ಕೈಯ ಕೆಲಸ. ಸ್ವಲ್ಪ ಹೆಚ್ಚುಕಮ್ಮಿಯಾದರೂ ರೋಗಿಯ ಗಾಡಿಯ ಚಕ್ರ ತಡೆದು ಒಳಗಿದ್ದವರು ಕೂಗುತ್ತಾರೆ. ಇವರು ಬಾಗಿಲಿಗೆ ಮುಖ ಮಾಡಿ, ಜನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. "ಎಷ್ಟನೇ ಮಹಡಿ?" ಎಂದು ಕೇಳುವುದು ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿ ಎಲ್ಲರೂ ಅವರನ್ನು ಲಿಫ್ಟಪ್ಪ ಎನ್ನುತ್ತಿದ್ದರು. ನಮ್ಮ ಬೀದಿಯವರೂ ಅದೇ ಹೆಸರು ಹಿಡಿದರು. ನಾನು ಲಿಫ್ಟಪ್ಪನ ಹೆಂಡತಿ.

ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ಒಂದು ಕಿಟಕಿ. ನಾನು ಅಂಗಿಗಳಿಗೆ ಕಾಜಾ ಹೊಲಿಯುತ್ತೇನೆ, ಅಂದರೆ ಗುಂಡಿ ತೂರಿಸುವ ಕಂಡಿಯ ಸುತ್ತ ದಾರ ಕಟ್ಟುವ ಕೆಲಸ. ಬೆಳಿಗ್ಗೆ ದರ್ಜಿಯ ಅಂಗಡಿಯಿಂದ ಮೂಟೆ ಬರುತ್ತದೆ, ಸಂಜೆ ಹೋಗುತ್ತದೆ. ನಡುವೆ ಯಾರೂ ಇಲ್ಲ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ, ಆಗಲಿಲ್ಲ ಅಷ್ಟೇ. ದಿನವಿಡೀ ತುಟಿಗೆ ತುಟಿ ಅಂಟಿಕೊಂಡು ಕೂತವಳಿಗೆ ಸಂಜೆ ಹೊತ್ತಿಗೆ ಮಾತು ಬೇಕು. ಇವರೋ ಇಡೀ ಊರನ್ನೇ ಮೇಲೆ ಕೆಳಗೆ ಹೊತ್ತು ಬಂದವರು. ಹೊಡೆದಾಟದಲ್ಲಿ ತಲೆ ಒಡೆದುಕೊಂಡವರು, ಹೆರಿಗೆಗೆ ಬಂದವರು, ಆಸ್ತಿಗಾಗಿ ಅಪ್ಪನ ಹಾಸಿಗೆ ಪಕ್ಕ ಕಾದವರು, ಎಲ್ಲರೂ ಇವರ ಬೆನ್ನ ಹಿಂದೆಯೇ ನಿಂತು ಮಾತಾಡಿದ್ದಾರೆ. ಆದರೆ ಮನೆಗೆ ಬರುವಾಗ ಕೈಯೂ ಖಾಲಿ, ಬಾಯಿಯೂ ಖಾಲಿ.

"ಇವತ್ತು ಏನಾಯ್ತು?" ಎಂದು ಕೇಳುತ್ತಿದ್ದೆ.

"ಏನಾಗುತ್ತೆ. ಮೇಲೆ ಹೋಯ್ತು, ಕೆಳಗೆ ಬಂತು."

"ನಾಲ್ಕನೇ ಮಹಡಿಯಿಂದ ಮಕ್ಕಳು ಬಂದ್ವಾ?"

"ಬಂದ್ವು."

"ಗಂಡಾ, ಹೆಣ್ಣಾ?"

"ನಾನೇನು ಬಟ್ಟೆ ಬಿಚ್ಚಿ ನೋಡ್ಲಾ?"

ಅಲ್ಲಿಗೆ ನಮ್ಮ ಸಂಜೆಯ ಮಾತು ಮುಗಿಯುತ್ತಿತ್ತು. ನಾಲ್ಕನೇ ಮಹಡಿ ಹೆರಿಗೆಯ ವಾರ್ಡು.

ನನ್ನ ನಾದಿನಿ, ಇವರ ಅಕ್ಕ, ರಜೆ ಸಿಕ್ಕಾಗ ಬರುತ್ತಿದ್ದರು. ಬಾಯಿ ಜೋರು. ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರು. "ಏನೇ, ನನ್ನ ತಮ್ಮನ ನಾಲಿಗೆ ಎಲ್ಲಿಟ್ಟಿದ್ದೀಯ? ಕೊಟ್ಟುಬಿಡೇ. ಚಿಕ್ಕವನಿದ್ದಾಗ ಇವನ ಬಾಯಿ ಮುಚ್ಚಿಸೋಕೆ ನನ್ನ ಎರಡು ಕೈಯೂ ಸಾಲ್ತಿರಲಿಲ್ಲ."

"ನಾನು ಬರೋ ಹೊತ್ತಿಗೆ ಇರಲಿಲ್ಲ ಅತ್ತಿಗೆ. ನೀವೇ ಎಲ್ಲೋ ಬಿಟ್ಟು ಬಂದಿರಬೇಕು."

ಇವರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಬೇರೆ ಯಾರ ಬಗ್ಗೆಯೋ ಮಾತು ನಡೆದಂತೆ.

ಆಸ್ಪತ್ರೆಯವರು ಒಂದು ವರ್ಷ ಇವರನ್ನು ಒಳ್ಳೆಯ ಕೆಲಸಗಾರ ಎಂದು ಆರಿಸಿ ಫೋಟೋ ತೆಗೆಸಿ ಬಾಗಿಲ ಹತ್ತಿರ ತೂಗು ಹಾಕಿದರು. ನನಗೆ ಗೊತ್ತಾಗಿದ್ದು ಸೈಕಲ್ ಅಂಗಡಿಯವನಿಂದ. ಇವರ ತಾಯಿ ತೀರಿಕೊಂಡ ದಿನ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಮೂಲೆಯಲ್ಲಿ ಬಿದ್ದಿದ್ದ ಲೋಟಗಳನ್ನೆಲ್ಲ ತೊಳೆದಿಟ್ಟರು. ಸುಖಕ್ಕೂ ಅದೇ ಮುಖ, ಕಷ್ಟಕ್ಕೂ ಅದೇ ಮುಖ. ಸೈಕಲ್ ಅಂಗಡಿಯವನು, "ನಿಮ್ಮ ಯಜಮಾನ್ರು ಋಷಿ ಕಣಮ್ಮ" ಎಂದ. "ಋಷಿ ಆದ್ರೆ ಕಾಡಿಗೆ ಹೋಗ್ಲಿ. ಮನೇಲಿ ಕೂತು ಯಾಕೆ ನನ್ನ ಪ್ರಾಣ ತಿಂತಾರೆ" ಎಂದೆ. ಅವನು ನಕ್ಕ. ನಾನು ನಗುವುದಕ್ಕೆ ಹೇಳಿದ್ದಲ್ಲ.

ಇವರು ಕೆಟ್ಟವರಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ನನ್ನ ಕಣ್ಣು ಮಂಜಾದ ಮೇಲೆ ದಿನಾ ಮಲಗುವ ಮೊದಲು ಸೂಜಿಗಳಿಗೆ ದಾರ ಪೋಣಿಸಿ ಕಿಟಕಿಯ ಪರದೆಗೆ ಸಾಲಾಗಿ ಚುಚ್ಚಿಡುತ್ತಿದ್ದರು, ಮಾರನೇ ದಿನಕ್ಕೆ. ಯಾರೂ ಹೇಳಿದ್ದಲ್ಲ. ಆದರೂ ಒಬ್ಬರು ಪಕ್ಕದಲ್ಲಿದ್ದಾಗ ಆಗುವ ಒಂಟಿತನ ಬೇರೆ. ಯಾರೂ ಇಲ್ಲದಾಗ ಯಾರೂ ಇಲ್ಲ ಎಂದುಕೊಂಡು ಸುಮ್ಮನಾಗಬಹುದು. ಇದ್ದಾಗ ಕಾಯುತ್ತಲೇ ಇರುತ್ತೇವೆ.

ಒಂದು ದಿನ ಅವರು ಊಟದ ಡಬ್ಬಿ ಮರೆತು ಹೋದರು. ನಾನೇ ತೆಗೆದುಕೊಂಡು ಹೋದೆ. ಮಧ್ಯಾಹ್ನ, ರೋಗಿಗಳನ್ನು ನೋಡಲು ಬರುವವರನ್ನು ಒಳಗೆ ಬಿಡದ ಹೊತ್ತು, ಲಿಫ್ಟು ಖಾಲಿ. ಡಬ್ಬಿ ಕೊಟ್ಟು ಹೊರಟವಳನ್ನು ಅವರು ಕರೆದರು.

"ಹತ್ತು. ಒಂದು ಸುತ್ತು ಹೋಗಿ ಬರೋಣ."

ಮದುವೆಯಾದ ಮೇಲೆ ಅವರು ನನ್ನನ್ನು ಸುತ್ತಲು ಕರೆದದ್ದು ಅದೇ ಮೊದಲು. ಹತ್ತಿದೆ. ಮೂರನೇ ಮಹಡಿ ದಾಟಿ ನಾಲ್ಕಕ್ಕೆ ಇನ್ನೂ ಮುಟ್ಟಿರಲಿಲ್ಲ, ಕರೆಂಟು ಹೋಯಿತು. ಲಿಫ್ಟು ಒಂದು ಸಲ ಬಿಕ್ಕಳಿಸಿ ನಿಂತಿತು. ಕತ್ತಲು. ಎದುರಿಗೆ ಬರೀ ಸಿಮೆಂಟು ಗೋಡೆ. ನಾನು ಅವರ ಅಂಗಿ ಹಿಡಿದುಕೊಂಡೆ. ಅವರು ಗಂಟೆ ಬಾರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಒಂದು ದನಿ ಬಂತು. ಇನ್ನೊಂದು ಪಾಳಿಯಲ್ಲಿ ಲಿಫ್ಟು ನಡೆಸುವವನು, ಕುಳ್ಳಗಿದ್ದ, ಎಲ್ಲರೂ ಗಿಡ್ಡಣ್ಣ ಎನ್ನುತ್ತಿದ್ದರು.

"ಅಣ್ಣಾ, ಜನರೇಟರೂ ಕೈ ಕೊಟ್ಟಿದೆ. ಒಳಗೆ ರೋಗಿಗಳಿದ್ದಾರಾ?"

"ಇಲ್ಲ. ನನ್ನ ಹೆಂಡ್ತಿ ಇದ್ದಾಳೆ."

"ಅಯ್ಯೋ, ಹಂಗಾದ್ರೆ ಅವಸರ ಇಲ್ಲ ಬಿಡಿ! ನಿಧಾನಕ್ಕೆ ಮಾಡಿಸ್ತೀನಿ!"

ನನ್ನ ಗಂಡ ನಕ್ಕರು. ಜೋರಾಗಿ ಅಲ್ಲ, ಆದರೂ ಆ ಸಣ್ಣ ಡಬ್ಬದಂಥ ಜಾಗದಲ್ಲಿ ಪೂರ್ತಿ ಕೇಳಿಸಿತು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವರು ನೆಲದ ಮೇಲೆ ಕೂತರು. ಊಟ ಆರುತ್ತದೆ ಎಂದು ಡಬ್ಬಿ ಬಿಚ್ಚಿದೆವು. ಕತ್ತಲಲ್ಲಿ ಇಬ್ಬರೂ ಅದಕ್ಕೇ ಕೈ ಹಾಕಿ ಉಂಡೆವು. ಬೆರಳಿಗೆ ಬೆರಳು ತಾಗಿತು.

ನಾನು ಕೇಳಿದೆ. "ಮುಖ ಕಾಣಿಸ್ತಿಲ್ಲ, ಈಗಲಾದ್ರೂ ಹೇಳಿ. ಅತ್ತಿಗೆ ಹೇಳ್ತಾರಲ್ಲ, ನೀವು ಮಾತಿನ ಮಲ್ಲ ಆಗಿದ್ರಿ ಅಂತ. ಏನಾಯ್ತು ನಿಮಗೆ?"

ಅವರು ಅಗಿಯುವುದನ್ನು ಮುಗಿಸಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿದವರನ್ನೆಲ್ಲ ಮಾತಾಡಿಸುತ್ತಿದ್ದರಂತೆ. ನಾಲ್ಕನೇ ಮಹಡಿಯಿಂದ ಮಗು ಎತ್ತಿಕೊಂಡು ಬಂದವರನ್ನಂತೂ ಬಿಡುತ್ತಲೇ ಇರಲಿಲ್ಲ. ಒಂದು ದಿನ ಅಲ್ಲಿ ಒಬ್ಬ ಗಂಡಸು ಒಂಟಿಯಾಗಿ ಹತ್ತಿದ. ತೋಳಿನಲ್ಲಿ ಬಿಳಿ ಬಟ್ಟೆಯ ಗಂಟು, ಎದೆಗೆ ಅವುಚಿಕೊಂಡಿದ್ದ. ಮುಖದಲ್ಲಿ ನಗುವಿನಂಥದ್ದು ಏನೋ ಇತ್ತು.

"ನಾನು ಕೇಳ್ದೆ, ಗಂಡು ಮಗುನಾ ಸಾರ್ ಅಂತ. ಹೌದಪ್ಪ ಗಂಡು ಅಂದ. ಅದೃಷ್ಟವಂತರು ಬಿಡಿ, ಯಾರ ಥರ ಇದ್ದಾನೆ ಅಂದೆ. ಅವರಮ್ಮನ ಥರ ಅಂದ. ಹಂಗಾದ್ರೆ ಪುಣ್ಯ ಮಾಡಿದ್ದಾನೆ ಅಂತ ನಾನು ನಕ್ಕೆ. ಕೆಳಗೆ ಬಂದ್ವಿ. ಬಾಗಿಲು ತೆಗೆದೆ. ಅವನು ಇಳಿದು, ತಿರುಗಿ ನಿಂತು ಹೇಳ್ದ. ಹಿಂದಿನ ಲಿಫ್ಟು ಕೆಟ್ಟಿದೆಯಂತೆ, ಅದಕ್ಕೆ ಇದರಲ್ಲಿ ಕಳಿಸಿದ್ರು, ತಪ್ಪು ತಿಳ್ಕೋಬೇಡಿ ಅಂದ."

ಬಟ್ಟೆಯೊಳಗಿದ್ದ ಮಗು ಸತ್ತಿತ್ತು.

"ತಪ್ಪು ತಿಳ್ಕೋಬೇಡಿ ಅಂತ ಅವನು ನನಗೆ ಹೇಳ್ದ ಕಣೆ. ನನಗೆ."

"ಆಮೇಲೆ?"

"ಆಮೇಲೆ ಏನು. ಮೇಲಿಂದ ಗಂಟೆ ಹೊಡೀತಿದ್ರು. ಹೋದೆ. ನಾಲ್ಕರಲ್ಲೇ ಇನ್ನೊಬ್ಬರು ಮಗು ಎತ್ಕೊಂಡು ನಿಂತಿದ್ರು, ಮನೆಮಂದಿಯೆಲ್ಲ ನಗ್ತಾ ಇದ್ರು. ಅವರನ್ನೂ ಇಳಿಸ್ದೆ. ಆವತ್ತಿಂದ ಯಾರ ಮುಖಾನೂ ನೋಡಲಿಲ್ಲ."

"ಭಯ ಆಯ್ತಾ?"

"ಮೊದಮೊದಲು ಭಯ. ಆಮೇಲೆ ಅಭ್ಯಾಸ. ಈಗ ಎರಡೂ ಅಲ್ಲ. ಈಗ ಒಳಗೆ ಸುಮ್ಮನಿದೆ." ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಹೇಳಿದರು. "ಸತ್ತವರನ್ನ ಇದರಲ್ಲಿ ಯಾಕೆ ಬಿಡಬಾರದು ಅಂತ ನನಗೆ ಅರ್ಥ ಆಗಿದ್ದೂ ಆವತ್ತೇ. ಖುಷಿ ಇರೋದೇ ನಾಲ್ಕು ಮಹಡಿ. ಮಗು ಎತ್ಕೊಂಡು ಹತ್ತಿದವರು ಕೆಳಗೆ ಇಳಿದ ತಕ್ಷಣ ಗಾಡಿಯವನ ಜೊತೆ ಜಗಳ, ಸಾಮಾನು ಮರೆತುಬಂದೆ ಅಂತ ಬೈಗುಳ, ಅತ್ತೆ ಮುನಿಸು, ಮಗು ಅಳು, ಎಲ್ಲಾ ಶುರು. ದಿನಾ ಕೇಳಿಸುತ್ತೆ. ಆ ನಾಲ್ಕು ಮಹಡಿ ಅವರ ಪಾಲಿಗೆ ಇರಲಿ. ಅದನ್ನ ಯಾರೂ ಮುಟ್ಟಬಾರದು."

"ನಮ್ಮ ಖುಷಿ ಎಷ್ಟು ಮಹಡಿ?" ಎಂದೆ.

"ನಾವೆಲ್ಲಿ, ಮಧ್ಯದಲ್ಲೇ ಸಿಕ್ಕಾಕ್ಕೊಂಡಿದ್ದೀವಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮೇಲಿನಿಂದ ಗಿಡ್ಡಣ್ಣ, "ಏನಣ್ಣಾ, ಒಳಗೆ ನಾಟಕ ನಡೀತಿದೆಯಾ?" ಎಂದು ಕೂಗಿದ. ಅದಕ್ಕೂ ನಕ್ಕೆವು. ನನ್ನ ಮದುವೆಯಲ್ಲಿ ನನಗೆ ಸಿಕ್ಕ ಖುಷಿ ಯಾವುದು ಎಂದು ಯಾರಾದರೂ ಕೇಳಿದರೆ, ಲಿಫ್ಟು ಕೆಟ್ಟ ಆ ಹೊತ್ತು. ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ.

ಕರೆಂಟು ಬಂತು. ಬರಬಾರದಿತ್ತು. ಅವರು ಎದ್ದು, ಕೈ ಒರೆಸಿಕೊಂಡು, ಬಾಗಿಲ ಕಡೆ ತಿರುಗಿ ಹಿಡಿ ಹಿಡಿದರು. ಅಷ್ಟೇ, ಮಾತು ನಿಂತಿತು.

ಆ ಸಂಜೆ ನಾನು ಎರಡು ಲೋಟ ಚಹಾ ಇಟ್ಟುಕೊಂಡು ಕಾದೆ. ಅವರು ಬಂದರು. "ಏನಾಯ್ತು ಇವತ್ತು?" ಎಂದೆ, ನಗುತ್ತ. "ಏನಾಗುತ್ತೆ" ಎಂದರು. ತಮಾಷೆಗಲ್ಲ. ಎಂದಿನಂತೆಯೇ. ನನ್ನ ಲೋಟದ ಚಹಾವನ್ನು ಬಚ್ಚಲಿಗೆ ಚೆಲ್ಲಿದೆ.

ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಡಬ್ಬಿಯನ್ನು ಪಾತ್ರೆಗಳ ಹಿಂದೆ ಬಚ್ಚಿಟ್ಟೆ. ಮಧ್ಯಾಹ್ನ ಹೊತ್ತುಕೊಂಡು ಹೋಗಿ, "ಒಂದು ಸುತ್ತು" ಎಂದು ಹತ್ತುತ್ತಿದ್ದೆ. ಅವರಿಗೆ ಗೊತ್ತಾಗಿತ್ತು, ಹೇಳಲಿಲ್ಲ. ಲಿಫ್ಟು ಒಂದು ಸಲವೂ ಕೆಡಲಿಲ್ಲ. ಹೊಸ ಜನರೇಟರು ತಂದಿದ್ದರು. ಇನ್ನು ಸ್ವಲ್ಪ ಕಾಲಕ್ಕೆ ಹಳೆಯ ಲಿಫ್ಟನ್ನೇ ಕಿತ್ತು ಅದೇ ಜಾಗದಲ್ಲಿ ಗುಂಡಿ ಒತ್ತುವ ಲಿಫ್ಟು ಹಾಕಿದರು. ಅದರಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಕೆಂಪು ಗುಂಡಿ. ಒತ್ತಿದರೆ ಎಲ್ಲಿದ್ದರೂ ಅಲ್ಲೇ ನಿಲ್ಲುತ್ತದೆ ಎಂದು ಅವರು ನನಗೆ ತೋರಿಸಿದರು. "ಒತ್ತಿ ನೋಡ್ಲಾ?" ಎಂದೆ. "ಮಕ್ಕಳಾಟ ಆಡಬೇಡ" ಎಂದರು. ಅಂಗೈಯ ಗೆರೆ ನಿಧಾನಕ್ಕೆ ಮೆತ್ತಗಾಯಿತು.

ಕೆಲಸದಿಂದ ನಿವೃತ್ತಿಯಾದ ಮೇಲೆ ಅವರು ಕಿಟಕಿಯ ಹತ್ತಿರ ಕೂರುತ್ತಿದ್ದರು. ನಾನು ಕಾಜಾ ಹೊಲಿಯುತ್ತಿದ್ದೆ. ಬೀದಿಯಲ್ಲಿ ಯಾರು ಹೋದರೂ ನೋಡುತ್ತಿದ್ದರು, ಯಾರ ಬಗ್ಗೆಯೂ ಏನೂ ಹೇಳುತ್ತಿರಲಿಲ್ಲ. ಒಂದು ಸಲ ನಾನು ರೇಗಿದೆ. "ಒಳಗೆ ಸುಮ್ಮನಿದೆ ಅಂತೀರಲ್ಲ, ಅದರಲ್ಲಿ ನನಗೂ ಒಂದು ಚೂರು ಕೊಡಿ. ನನ್ನ ಒಳಗೆ ದಿನಾ ಸಂತೆ."

ಅವರು ನನ್ನನ್ನು ನೋಡಿದರು. ಉತ್ತರ ಹುಡುಕಿದರು ಅನ್ನಿಸುತ್ತದೆ. "ಹೇಗೆ ಕೊಡೋದು ಅಂತ ಗೊತ್ತಿಲ್ಲ" ಎಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ.

ಅವರ ಹೊಟ್ಟೆಯಲ್ಲಿ ಗಂಟು ಬೆಳೆದು ಐದನೇ ಮಹಡಿಗೆ ಸೇರಿಸಿದೆವು. ಐದನೇ ಮಹಡಿ ಎಂದರೆ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಗೆ ಹತ್ತಿಸಿದವರಲ್ಲಿ ಅರ್ಧ ಜನ ಅವರ ಲಿಫ್ಟಿನಲ್ಲಿ ಇಳಿದಿರಲಿಲ್ಲ. ಗಿಡ್ಡಣ್ಣ ಪಾಳಿಗೆ ಬಂದಾಗೆಲ್ಲ ಮೇಲೆ ಬಂದು ನೋಡಿ ಹೋಗುತ್ತಿದ್ದ. "ಅಣ್ಣಾ, ಬೇಗ ಎದ್ದೇಳಿ, ನನ್ನ ಪಾಳಿ ಯಾರು ನೋಡ್ಕೋತಾರೆ" ಎನ್ನುತ್ತಿದ್ದ. ಹೊರಗೆ ಹೋಗಿ ಅಳುತ್ತಿದ್ದ.

ಪಕ್ಕದ ಹಾಸಿಗೆಯ ಗಂಡಸಿಗೂ ಅದೇ ಕಾಯಿಲೆ. ಅವನು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ, ನನ್ನನ್ನು ಬಿಟ್ಟುಹೋಗಬೇಡ ಎಂದು ಹೆಂಡತಿಯನ್ನು ಕೂಗುತ್ತಿದ್ದ. ಅವಳು ಅವನ ಕೈ ಹಿಡಿದುಕೊಂಡು ಕೂತಿರುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ನನ್ನ ಗಂಡ ಸೂರು ನೋಡಿಕೊಂಡು ಮಲಗಿದ್ದರು. ನೋವಿದ್ದರೂ ಮುಖ ಕೆಡುತ್ತಿರಲಿಲ್ಲ.

"ಭಯ ಆಗುತ್ತಾ?" ಎಂದೆ.

"ಇಲ್ಲ. ನೀನು ಊಟ ಮಾಡಿದ್ಯಾ?"

ನಿಜವಾಗಿಯೂ ಭಯ ಇರಲಿಲ್ಲ. ಅವರಿಗೆ ನೆಮ್ಮದಿ ಇತ್ತು. ಅದು ನಟನೆಯಲ್ಲ, ಇಷ್ಟು ವರ್ಷ ಜೊತೆಗಿದ್ದವಳಿಗೆ ಗೊತ್ತಾಗುತ್ತದೆ. ನನಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ, ಅಷ್ಟೇ. ಕೈ ಹಿಡಿದರೆ ಬಿಡಿಸಿಕೊಳ್ಳುತ್ತಿರಲಿಲ್ಲ. ಹಿಡಿಯುತ್ತಲೂ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ನಾದಿನಿ ಬಂದರು. ಜೋರು ಬಾಯಿಯ ಹೆಂಗಸು ಮೊದಲ ಸಲ ಸದ್ದಿಲ್ಲದೆ ನಿಂತರು. ಬಿಳಿ ಬಟ್ಟೆ ಹೊದಿಸಿ ಗಾಡಿಯ ಮೇಲೆ ಮಲಗಿಸಿದರು. ಹಿಂಬದಿಯ ಲಿಫ್ಟಿನಲ್ಲಿ ಕರೆದುಕೊಂಡು ಹೋಗಲು ಒಬ್ಬಳು ಆಯಾ ಬಂದಳು. ನಾನು ಗಾಡಿಯ ಕಂಬಿ ಹಿಡಿದುಕೊಂಡೆ.

"ಮುಂಬಾಗಿಲ ಲಿಫ್ಟಲ್ಲಿ ಹೋಗ್ಲಿ."

ದೊಡ್ಡ ನರ್ಸಮ್ಮ ಬಂದರು. "ಅಮ್ಮ, ರೂಲ್ಸ್ ಇಲ್ಲ. ನಿಮ್ಮ ಯಜಮಾನ್ರೇ ಯಾರನ್ನೂ ಬಿಡ್ತಿರಲಿಲ್ಲ."

"ಗೊತ್ತು."

"ಈಗ ಡಿಸ್ಚಾರ್ಜ್ ಆಗೋರೆಲ್ಲ ಓಡಾಡೋ ಹೊತ್ತು. ನೋಡಿದವರು ಏನಂತಾರೆ?"

ಆಗ ನಾದಿನಿಗೆ ಬಾಯಿ ಬಂತು. "ಏನಂತಾರೆ? ನನ್ನ ತಮ್ಮ ಊರಿನವರನ್ನೆಲ್ಲ ಮೇಲೆ ಕೆಳಗೆ ಹೊತ್ತಿದ್ದಾನೆ. ಈಗ ಅವನು ಕಸದ ಡಬ್ಬದ ಜೊತೆ ಹೋಗ್ಬೇಕಾ? ನೀನೇ ಹೋಗು ಅದರಲ್ಲಿ, ಹೇಗಿರುತ್ತೆ ನೋಡು!"

ಗಿಡ್ಡಣ್ಣ ಅಲ್ಲೇ ಇದ್ದ. "ನರ್ಸಮ್ಮ, ನನ್ನ ಕೆಲಸ ಹೋದ್ರೆ ಹೋಗ್ಲಿ. ನಾನು ಇಳಿಸ್ತೀನಿ ಅಣ್ಣನ್ನ."

ನರ್ಸಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. "ನಾನು ಔಷಧಿ ಕೋಣೆಗೆ ಹೋಗ್ತೀನಿ. ಬಾಗಿಲು ಹಾಕ್ಕೋತೀನಿ. ನನಗೆ ಏನೂ ಗೊತ್ತಿಲ್ಲ" ಎಂದು ಹೊರಟುಹೋದರು.

"ಅಕ್ಕ, ಕೆಳಗೆ ಹೋಗಿ ಖಾಲಿ ಮಾಡಿಸ್ಕೊಂಡು ಬರ್ತೀನಿ. ಒಳಗೆ ಅಣ್ಣ, ನೀವು, ನಾನು ಅಷ್ಟೇ" ಎಂದ ಗಿಡ್ಡಣ್ಣ.

"ನೀನೂ ಬೇಡ."

"ನಾನಿಲ್ದೆ ಹೇಗಕ್ಕ?"

"ಗುಂಡಿ ಒತ್ತೋಕೆ ನನಗೆ ಬರುತ್ತೆ."

ಅವನು ಸರಿ ಎಂದ. ನನ್ನ ಮನಸ್ಸಿನಲ್ಲಿದ್ದದ್ದು ಅವನಿಗೆ ತಿಳಿಯಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಆ ಕೆಂಪು ಗುಂಡಿ ಒತ್ತಬೇಕು ಎಂದುಕೊಂಡಿದ್ದೆ. ಅಲ್ಲಿ ನಿಲ್ಲಿಸಿಕೊಂಡು ಕೂರಬೇಕು. ಹೇಳುವುದು ಏನೂ ಇರಲಿಲ್ಲ. ಕೂರಬೇಕಿತ್ತು.

ಗಾಡಿಯನ್ನು ಲಿಫ್ಟಿನ ಬಾಗಿಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿಕೊಂಡೆ. ಲಿಫ್ಟು ಮೇಲೆ ಬಂತು. ಬಾಗಿಲು ತೆರೆಯಿತು. ಒಳಗೆ ಜನ ಇದ್ದರು.

ಒಬ್ಬ ವಯಸ್ಸಾದ ಹೆಂಗಸು, ತೋಳಿನಲ್ಲಿ ಮಗು. ಪಕ್ಕದಲ್ಲಿ ಗೋಡೆ ಹಿಡಿದು ನಿಂತ ಬಾಣಂತಿ ಹುಡುಗಿ. ಎರಡು ಕೈಗೂ ಚೀಲ, ಕಂಕುಳಲ್ಲಿ ದಿಂಬು ಇಟ್ಟುಕೊಂಡ ಅವಳ ಗಂಡ. ನಾಲ್ಕರಲ್ಲಿ ಹತ್ತಿಬಿಟ್ಟಿದ್ದರು. ಕೆಳಗೆ ಹೋಗುವುದೋ ಮೇಲೆ ಹೋಗುವುದೋ ನೋಡಿರಲಿಲ್ಲ. ಹುಡುಗನ ಮುಖದಲ್ಲಿ ನಗು ಇತ್ತು. ಗಾಡಿ ಕಂಡ ಮೇಲೂ ಆ ನಗು ಹಾಗೇ ಉಳಿಯಿತು, ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಒಳಗೆ ಗುಂಡಿಗಳ ಹತ್ತಿರ ನಿಂತಿದ್ದ ಗಿಡ್ಡಣ್ಣ ಅವರ ಮೇಲೆ ರೇಗಿದ. "ನಾಲ್ಕರಲ್ಲೇ ಹೇಳ್ದೆ ತಾನೇ, ಮೇಲೆ ಹೋಗುತ್ತೆ ಅಂತ! ಇಳೀರಿ, ಮೆಟ್ಟಿಲಲ್ಲಿ ಹೋಗಿ."

"ಹೊಲಿಗೆ ಹಾಕಿಸಿಕೊಂಡ ಹುಡುಗಿ ಮೆಟ್ಟಿಲು ಹೇಗಪ್ಪ ಇಳೀತಾಳೆ" ಎಂದರು ಹೆಂಗಸು. ಆಮೇಲೆ ನನ್ನನ್ನು ನೋಡಿ, "ಪರ್ವಾಗಿಲ್ಲಮ್ಮ, ನಾವು ಇಲ್ಲೇ ಒಂದು ಕಡೆ ನಿಂತಿರ್ತೀವಿ. ನೀವು ಮೊದಲು ಹೋಗಿ" ಎಂದರು. ಒಳ್ಳೆಯ ಹೆಂಗಸು.

ಅವರು ಇಳಿಯಲು ಮುಂದೆ ಬಂದರು. ಗಾಡಿ ಬಾಗಿಲಿಗೆ ಅಡ್ಡ ಇತ್ತು. ಪಕ್ಕದಲ್ಲಿ ಒಬ್ಬರು ತೂರುವಷ್ಟೇ ಜಾಗ. ಮಗುವನ್ನು ಬಿಳಿ ಬಟ್ಟೆಗೆ ತಾಗಿಸಿಕೊಂಡೇ ದಾಟಿಸಬೇಕು. ಬಾಣಂತಿ ಹುಡುಗಿ ಕೈ ಚಾಚಿ, ಮಗುವಿನ ಮುಖಕ್ಕೂ ನನ್ನ ಗಂಡನಿಗೂ ನಡುವೆ ಅಂಗೈ ಅಡ್ಡ ಹಿಡಿದಳು.

ನಾನು ಗಾಡಿಯನ್ನು ಹಿಂದಕ್ಕೆ ಎಳೆದೆ.

"ನೀವು ಹೋಗ್ರಮ್ಮ. ಇಳಿಸಪ್ಪ ಅವರನ್ನ."

"ಅಕ್ಕ, ಇವರನ್ನ ಬಿಟ್ಟು ಈಗಲೇ ಬಂದೆ. ಈ ಸಲ ಖಾಲೀನೇ ತರ್ತೀನಿ" ಎಂದ ಗಿಡ್ಡಣ್ಣ.

"ಬೇಡ."

ಬಾಗಿಲು ಮುಚ್ಚಿತು. ನಾದಿನಿ ನನ್ನ ತೋಳು ಹಿಡಿದು ಅಲುಗಾಡಿಸಿದರು. "ತಲೆ ಕೆಟ್ಟಿದೆಯೇನೇ ನಿನಗೆ? ಅಷ್ಟು ಜಗಳ ಆಡಿ, ಎಲ್ಲಾ ಸರಿ ಮಾಡಿ ಆದ್ಮೇಲೆ ಬೇಡ ಅಂತೀಯಲ್ಲ!"

ಅವರಿಗೆ ಏನು ಹೇಳಲಿ. ಮಗುವಿನ ಮೇಲೆ ಮಮತೆ ಉಕ್ಕಿ ಬಿಟ್ಟುಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅವರ ಮೇಲೆಲ್ಲ ಸಿಟ್ಟೇ ಬಂದಿತ್ತು. ಆದರೆ ಬಾಗಿಲು ತೆರೆದು ಒಳಗಿನ ದೀಪ ಕಂಡಾಗಲೇ ನನಗೆ ಒಂದು ಗೊತ್ತಾಗಿತ್ತು. ಆ ದಿನ ಲಿಫ್ಟು ತಾನಾಗಿ ಕೆಟ್ಟಿತ್ತು. ಈಗ ನಾನು ನಿಲ್ಲಿಸಿದರೆ ಬರೀ ನಿಂತ ಲಿಫ್ಟು ಸಿಗುತ್ತದೆ, ಅಷ್ಟೇ. ನಾನು ನಡುವೆ ಕೂತಿರುವಾಗ ನಾಲ್ಕರಲ್ಲಿ ಇನ್ಯಾರೋ ಮಗು ಎತ್ತಿಕೊಂಡು ಗುಂಡಿ ಒತ್ತುತ್ತ ನಿಂತಿರುತ್ತಾರೆ. ಅವರು ನಿಂತಿದ್ದಾರೆ ಎಂದು ಗೊತ್ತಿದ್ದೂ ನನ್ನ ಗಂಡ ಅಲ್ಲಿ ನನ್ನ ಜೊತೆ ಇರುತ್ತಿರಲಿಲ್ಲ. ಎದ್ದು ಹಿಡಿ ಹಿಡಿಯುತ್ತಿದ್ದರು.

ಹಿಂಬದಿಯ ಲಿಫ್ಟಿನಲ್ಲಿ ಇಳಿದೆವು. ನಾದಿನಿ ಸಿಟ್ಟಿನಿಂದ ಮೆಟ್ಟಿಲು ಹಿಡಿದರು. ಒಳಗೆ ಗಾಡಿ, ನಾನು, ಆಯಾ, ಎರಡು ಮೂಟೆ ಬಟ್ಟೆ. ಫಿನಾಯಿಲ್ ವಾಸನೆ. ಆಯಾಗೆ ಬಾಗಿಲು ಮುಚ್ಚಿದ್ದೇ ತಡ, ಮಾತು ಶುರುವಾಯಿತು.

"ಯಾರಮ್ಮ, ಯಜಮಾನ್ರಾ?"

"ಹೂಂ."

"ನಮ್ಮವರು ಹೋಗಿ ಎಷ್ಟೋ ವರ್ಷ ಆಯ್ತು. ನನ್ನ ಕಾಲು ನೋಡಿ, ಹೇಗೆ ಊದಿಕೊಂಡಿದೆ. ಚಪ್ಪಲಿಗೆ ಹಿಡಿಸಲ್ಲ. ಸೊಸೆಗೆ ಹೇಳಿದ್ರೆ ಕುಣಿಯೋಕೆ ಹೋಗಿದ್ರಾ ಅಂತಾಳೆ."

"ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಕೋ."

"ಇಟ್ಕೊಂಡೆ. ಸೊಸೆ ಆ ನೀರನ್ನ ಪಾತ್ರೆ ತೊಳೆಯೋಕೆ ತಗೊಂಡ್ಳು."

ನಾನು ನಕ್ಕೆನೋ ಅತ್ತೆನೋ ತಿಳಿಯದು. ಒಂದು ಸದ್ದು ಬಂತು. ಆಯಾ ನನ್ನ ಬೆನ್ನ ಮೇಲೆ ಕೈಯಿಟ್ಟು ತನ್ನ ಸೊಸೆಯ ಕಥೆ ಮುಂದುವರಿಸಿದಳು. ಕೆಳಗೆ ಮುಟ್ಟುವವರೆಗೂ ಹೇಳಿದಳು. ಆ ಆಸ್ಪತ್ರೆಯ ಲಿಫ್ಟಿನಲ್ಲಿ ಇಷ್ಟು ಮಾತು ನಾನು ಕೇಳಿದ್ದು ಎರಡನೇ ಸಲ.

ಈಗ ನಾನು ಒಬ್ಬಳೇ. ನಾದಿನಿ ಬಂದು ತಮ್ಮ ಮನೆಗೆ ಕರೆಯುತ್ತಾರೆ, ಹೋಗುವುದಿಲ್ಲ. ಸೂಜಿಗೆ ದಾರ ಪೋಣಿಸಲು ಸೈಕಲ್ ಅಂಗಡಿಯವನ ಹೆಂಡತಿಯ ಹತ್ತಿರ ಇಳಿದು ಹೋಗುತ್ತೇನೆ. ಅವಳು ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಕೇಳಿಸಿಕೊಂಡು ಬರುತ್ತೇನೆ. ಅವರು ಹೇಳಿದ ಆ ಸುಮ್ಮನಿರುವುದು ನನಗೂ ಒಮ್ಮೊಮ್ಮೆ ಬರುತ್ತದೆ, ಮಧ್ಯಾಹ್ನ, ಕೈ ತಾನಾಗಿ ಹೊಲಿಯುತ್ತಿರುವಾಗ. ಬಂದಿದೆ ಎಂದು ಗೊತ್ತಾದ ಕೂಡಲೇ ಹೋಗುತ್ತದೆ. ಅವರಲ್ಲಿ ಅದು ನೆಲೆ ನಿಂತಿತ್ತು. ಹೇಗೆ ನಿಲ್ಲಿಸಿಕೊಂಡರೋ, ಕೇಳುವ ಹಾಗಿಲ್ಲ. ಅವರ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ.

ಆ ಮಗುವಿನ ಮುಖ ನಾನು ನೋಡಲೇ ಇಲ್ಲ, ಅವರಮ್ಮನ ಅಂಗೈ ಅಡ್ಡ ಇತ್ತು. ಗಂಡೋ ಹೆಣ್ಣೋ ತಿಳಿಯದು. ಈಗ ತೆವಳುವ ವಯಸ್ಸು. ಯಾವುದೋ ಮನೆಯಲ್ಲಿ ಕತ್ತರಿ, ಬೆಂಕಿಪೊಟ್ಟಣ, ಔಷಧಿ ಬಾಟಲಿ ಎಲ್ಲವನ್ನೂ ಅದರ ಕೈಗೆ ಸಿಗದ ಹಾಗೆ ಎತ್ತಿ ಮೇಲಿನ ಹಲಗೆಗೆ ಇಟ್ಟಿರುತ್ತಾರೆ.